ಯಾತ್ರೆಯ ಗಾಡಿಗೆ ಎಷ್ಟು ಪಾನಾ ಬೇಕು?

ದೀಪಾವಳಿ ಕಳೆದು ಕಾರ್ತಿಕದ ಅಷ್ಟಾಹ್ನಿಕ ಪರ್ವ ಮುಗಿಯಿತೆಂದರೆ ನಮ್ಮ ಜತ್ತ ಭಾಗದ ಶ್ರಾವಕ ಮನೆತನಗಳಲ್ಲಿ ಯಾತ್ರೆಯ ಮಾತು ಸುರುವಾಗುತ್ತದೆ. ಹತ್ತಿರದವರಿಗೆ ಕುಂಥಲಗಿರಿ, ಕುಂಭೋಜದ ಬಾಹುಬಲಿ. ಸ್ವಲ್ಪ ದೂರ ಹೋಗುವವರಿಗೆ ಶ್ರವಣಬೆಳಗೊಳ, ವೇಣೂರು, ಕಾರ್ಕಳ. ಧೈರ್ಯವಿದ್ದವರಿಗೆ ಸಮ್ಮೇದ ಶಿಖರಜಿ. ಮೊದಲಿನ ಹಾಗೆ ರೈಲು, ಎಸ್.ಟಿ. ಬಸ್ಸು ಕಾಯುವವರು ಈಗ ಕಡಿಮೆ. ಹತ್ತು-ಹನ್ನೆರಡು ಮಂದಿ ಕೂಡ್ರುವ ಒಂದು ಗಾಡಿ, ಅದರಲ್ಲಿಯೇ ಹಾಸಿಗೆಯ ಗಂಟು, ನೀರಿನ ಟಾಕಿ, ಒಲೆ, ನೀರು ಸೋಸುವ ಬಟ್ಟೆ, ಹಿಟ್ಟು-ಬೇಳೆಯ ಡಬ್ಬಿಗಳು. ಹೊರದೇಶದವರು ಇಂಥ ಮನೆಗಾಡಿಗೆ ಕ್ಯಾರವಾನ್ ಎಂದು ಹೆಸರಿಟ್ಟು ದೊಡ್ಡ ರೊಕ್ಕ ಕೊಟ್ಟು ಕೊಳ್ಳುತ್ತಾರೆ. ನಮ್ಮವರು ಅದನ್ನು ಹೆಸರಿಲ್ಲದೆಯೇ ಮಾಡಿಕೊಂಡಿದ್ದಾರೆ.

ನಮ್ಮದು ಕಬ್ಬಿಣ ಸಾಮಾನಿನ ಅಂಗಡಿ. ಹೀಗಾಗಿ ಯಾತ್ರೆಗೆ ಹೊರಡುವವರು ಹಿಂದಿನ ದಿನ ಅಂಗಡಿಗೆ ಬಂದು, "ಕಾಕಾ, ಗಾಡ್ಯಾಗ ಏನೇನು ಸಾಮಾನ ಇಟ್ಕೋಬೇಕು?" ಎಂದು ಕೇಳುವುದು ವಾಡಿಕೆ. ಕಪಾಟಿನಲ್ಲಿ ನೂರೆಂಟು ತುಂಡುಗಳ ಹೊಳೆಯುವ ಪೆಟ್ಟಿಗೆಗಳಿವೆ. ಅದರಲ್ಲೊಂದನ್ನು ತೆಗೆದುಕೊಟ್ಟರೆ ನಮಗೆ ವ್ಯಾಪಾರ, ಅವರಿಗೆ ಸಮಾಧಾನ. ಆದರೆ ನಾವು ಹಾಗೆ ಕೊಡುವುದಿಲ್ಲ. ಮೊದಲು ಗಾಡಿ ಯಾವುದು, ಗಾಲಿಯ ನಟ್ ಎಷ್ಟು ಅಳತೆಯದು, ಗಾಡಿಯಲ್ಲಿ ಪಾನಾ ಹಿಡಿಯಬಲ್ಲ ಕೈ ಯಾರದು ಎಂದು ಕೇಳುತ್ತೇವೆ. ಬಹಳ ಮಂದಿಗೆ ಉತ್ತರ ಗೊತ್ತಿರುವುದಿಲ್ಲ. "ನೋಡಿಕೊಂಡು ಬರ್ರಿ, ಆಮೇಲೆ ಕೊಡೂಣು" ಎನ್ನುತ್ತೇವೆ.

ಇದು ಬರೀ ಜಿಗುಟುತನವಲ್ಲ. ಬೇರೆಯವರ ಗಾಡಿ ದಾರಿಯಲ್ಲಿ ನಿಂತರೆ ಹೊತ್ತು ಹೋಗುತ್ತದೆ, ಅಷ್ಟೆ. ನಮ್ಮವರ ಗಾಡಿ ಇಳಿಹೊತ್ತಿನಲ್ಲಿ ನಿಂತರೆ ಊಟವೇ ಹೋಗುತ್ತದೆ. ಸೂರ್ಯಾಸ್ತದ ನಂತರ ನೀರನ್ನೂ ಮುಟ್ಟದ ಹಿರಿಯರು ಪ್ರತಿ ಗಾಡಿಯಲ್ಲಿ ಒಬ್ಬಿಬ್ಬರು ಇದ್ದೇ ಇರುತ್ತಾರೆ. ಮಧ್ಯಾಹ್ನ ನಾಲ್ಕಕ್ಕೆ ನಿಂತ ಗಾಡಿ ಏಳಕ್ಕೆ ಹೊರಟರೆ, ಎಂಬತ್ತು ವರ್ಷದ ಒಂದು ಜೀವ ಮರುದಿನ ಮುಂಜಾನೆಯ ವರೆಗೆ ಉಪವಾಸ. ಅವರೇನೂ ಗೊಣಗುವುದಿಲ್ಲ. ಆದರೆ ಎದುರಿಗೆ ಕೂತವರ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ.

ನಾವು 1981, 1993, 2006 ಮತ್ತು 2018 ಹೀಗೆ ನಾಲ್ಕು ಮಹಾಮಸ್ತಕಾಭಿಷೇಕಗಳಿಗೆ ರಸ್ತೆಯ ಮೇಲೆಯೇ ಹೋಗಿಬಂದವರು. ಸಹಸ್ರಾಬ್ದಿಯ 1981 ರಲ್ಲಿ ತೀರ್ಥರೂಪರು ಬಾಡಿಗೆಯ ಮೆಟಡೋರ್ ಮಾಡಿದ್ದರು. ಅದರ ಸಾಮಾನಿನ ಪೆಟ್ಟಿಗೆ ಎತ್ತಲು ಇಬ್ಬರು ಬೇಕಾಗಿತ್ತು. ಟೈರು ಬಿಚ್ಚುವ ಎರಡು ಲಿವರ್, ಹೆಚ್ಚಿನ ಎರಡು ಟ್ಯೂಬು, ಪ್ಯಾಚು ಸುಡುವ ಸಾಮಾನು, ಕಾಲಿನಿಂದ ಒತ್ತಿ ಹವಾ ತುಂಬುವ ಪಂಪು, ಫ್ಯಾನಿನ ಪಟ್ಟಾ, ಸ್ಪ್ರಿಂಗಿನ ಒಂದು ಪಾಟಾ ಸಹ ಇತ್ತು. ಡ್ರೈವರನೇ ಅರ್ಧ ಮಿಸ್ತ್ರಿ, ಕ್ಲೀನರ ಉಳಿದರ್ಧ. 1993 ರಲ್ಲಿ ಪೆಟ್ಟಿಗೆ ಸ್ವಲ್ಪ ಹಗುರಾಯಿತು. 2006 ಕ್ಕೆ ಎಲ್ಲರ ಕಿಸೆಯಲ್ಲಿ ಫೋನ್ ಬಂತು. 2018 ರಲ್ಲಿ ಮನೆಯ ಸ್ವಂತ ಗಾಡಿ, ಹುಡುಗರದೇ ಡ್ರೈವಿಂಗ್, ಕ್ಲೀನರ ಎಂಬ ಪ್ರಾಣಿಯೇ ಇಲ್ಲ. ಗಾಡಿ ಸುಧಾರಿಸಿತು, ರಸ್ತೆ ಸುಧಾರಿಸಿತು, ಆದರೆ ಗಾಡಿಯಲ್ಲಿ ಕೂತವರ ಕೈಗಳಿಗೆ ಕೆಲಸ ಮರೆತುಹೋಯಿತು. ಆದ್ದರಿಂದ ಇಂದು ಸಾಮಾನು ಆರಿಸುವುದು ತೀರ್ಥರೂಪರ ಕಾಲಕ್ಕಿಂತ ಹೆಚ್ಚು ವಿಚಾರದ ಕೆಲಸ.

ನಾವು ಪ್ರತಿಯೊಂದು ವಸ್ತುವಿಗೆ ಮೂರು ಪ್ರಶ್ನೆ ಹಾಕುತ್ತೇವೆ. ಇದು ನಮ್ಮ ಗಾಡಿಯ ನಟ್ಟಿಗೆ ಕೂಡ್ರುತ್ತದೆಯೇ? ಇದನ್ನು ಬಳಸಲು ಬರುವವರು ಗಾಡಿಯಲ್ಲಿ ಇದ್ದಾರೆಯೇ? ಇದರಿಂದ ಮುಂದಿನ ಊರು ಮುಟ್ಟಬಹುದೇ? ಮೂರಕ್ಕೂ ಹೌದೆಂದರೆ ಚೀಲಕ್ಕೆ. ಒಂದಕ್ಕೆ ಇಲ್ಲವೆಂದರೂ ಕಪಾಟಿಗೆ. ರಸ್ತೆಯ ಬದಿಗೆ ಗಾಡಿಯನ್ನು ಪೂರ್ತಿ ದುರಸ್ತಿ ಮಾಡುವುದು ನಮ್ಮ ಕೆಲಸವಲ್ಲ. ಮಿಸ್ತ್ರಿ ಇರುವ ಊರಿನ ತನಕ ಅದನ್ನು ಒಯ್ಯುವುದಷ್ಟೇ ನಮ್ಮ ಕೆಲಸ. ಈ ಎಲ್ಲೆ ಹಾಕಿಕೊಂಡರೆ ಚೀಲ ತಾನೇ ಸಣ್ಣದಾಗುತ್ತದೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದು ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಪಾನಾಗಳ ಮಟ್ಟಿಗೆ ಅದು ಏಕೋ ನೆನಪಾಗುವುದಿಲ್ಲ.

ಮೊದಲನೆಯದು ಗಾಲಿ. ದಾರಿಯಲ್ಲಿ ಗಾಡಿ ನಿಲ್ಲುವುದು ಬಹಳ ಸಲ ಗಾಲಿಯಿಂದಲೇ. ಕಾರುಗಳ ಗಾಲಿಯ ನಟ್ ಸಾಮಾನ್ಯವಾಗಿ 17, 19 ಅಥವಾ 21 ಮಿಲಿಮೀಟರ್. ದೊಡ್ಡ ಗಾಡಿಗೆ ಇನ್ನೂ ದೊಡ್ಡದು. ಕಂಪನಿಯವರು ಕೊಟ್ಟ ಟಾಮಿ ಗಿಡ್ಡಾಗಿರುತ್ತದೆ. ಯಂತ್ರದಿಂದ ಬಿಗಿದ ನಟ್ ಅದಕ್ಕೆ ಜಗ್ಗುವುದಿಲ್ಲ. ಆಗ ಕೆಲವರು ಟಾಮಿಯ ಮೇಲೆ ಹತ್ತಿ ಕುಣಿಯುತ್ತಾರೆ, ಕಾಲು ಜಾರಿ ಬೀಳುತ್ತಾರೆ. ಅದರ ಬದಲು ಎರಡು ಅಡಿ ಉದ್ದದ ಒಂದು ನೀರಿನ ಕಬ್ಬಿಣ ಪೈಪು ಇಡಿರಿ. ಒಂದು ಅಡಿಯ ಟಾಮಿಗೆ ಅದನ್ನು ತೊಡಿಸಿ ತುದಿಯಲ್ಲಿ ಹಿಡಿದರೆ ಅದೇ ಕೈಯ ಬಲ ಎರಡರಷ್ಟಾಗುತ್ತದೆ. ಮನೆಯ ಹೆಣ್ಣುಮಕ್ಕಳೂ ನಟ್ ಸಡಿಲಿಸಬಲ್ಲರು. ಆದರೆ ಪೈಪು ಸಡಿಲಿಸುವುದಕ್ಕೆ ಮಾತ್ರ, ಬಿಗಿಯುವುದಕ್ಕೆ ಅಲ್ಲ. ಅತಿ ಬಿಗಿದರೆ ಬೋಲ್ಟು ಹಿಗ್ಗಿ ಮುಂದೆ ಮುರಿಯುತ್ತದೆ. ನಟ್ ಸಡಿಲಿಸುವುದು ಗಾಲಿ ನೆಲದ ಮೇಲಿದ್ದಾಗ. ಪೂರ್ತಿ ಬಿಚ್ಚುವುದು ಜಾಕ್ ಏರಿಸಿದ ಮೇಲೆ. ಬಿಗಿಯುವಾಗ ಒಂದರ ಪಕ್ಕ ಒಂದಲ್ಲ, ಎದುರು-ಬದುರು. ಐವತ್ತು-ನೂರು ಕಿಲೋಮೀಟರ್ ಹೋದ ಮೇಲೆ ಇನ್ನೊಮ್ಮೆ ಪಾನಾ ಹಾಕಿ ನೋಡಬೇಕು.

ಜಾಕ್ ಆರಿಸುವಾಗ ಎರಡು ಅಳತೆ. ಒಂದು ತೂಕದ್ದು. ಮಂದಿ, ನೀರು, ಹಿಟ್ಟು-ಬೇಳೆ ತುಂಬಿದ ಹದಿಮೂರು ಆಸನದ ಗಾಡಿ ಮೂರೂವರೆಯಿಂದ ನಾಲ್ಕು ಟನ್ ತೂಗುತ್ತದೆ. ನಾವು 5 ಟನ್ನಿನ ಬಾಟಲಿ ಜಾಕ್ ಇಟ್ಟಿದ್ದೇವೆ. ಎರಡನೆಯದು ಎತ್ತರದ್ದು. ಹವಾ ಹೋದ ಗಾಡಿ ಕೆಳಗೆ ಕೂಡ್ರುತ್ತದೆ. ಅಂಗಡಿಯಲ್ಲಿ ಸರಿಯಾಗಿ ಕಂಡ ಜಾಕ್ ಆಗ ಅಡಿಗೆ ಹೋಗುವುದೇ ಇಲ್ಲ. ಆದ್ದರಿಂದ ಮನೆಯ ಮುಂದೆ ಒಂದು ಗಾಲಿಯ ಹವಾ ಬಿಟ್ಟು, ಜಾಕ್ ಒಳಗೆ ಹೋಗುತ್ತದೆಯೋ ಇಲ್ಲವೋ ನೋಡಿ ಕೊಳ್ಳಬೇಕು. ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬಾರದು. ಬಿಚ್ಚಿದ ಗಾಲಿಯನ್ನೇ ಚಾಸಿಯ ಅಡಿಗೆ ಮಲಗಿಸಿಟ್ಟರೆ, ಜಾಕ್ ಜಾರಿದರೂ ಜೀವಕ್ಕೆ ಆಸರೆ.

ಜಾಕಿನ ಜೋಡಿ ಒಂದು ಅಡಿ ಚೌಕದ ದಪ್ಪ ಹಲಗೆ ಇಡುತ್ತೇವೆ. ಹುಡುಗರು ಇದನ್ನು ನೋಡಿ ನಗುತ್ತಿದ್ದರು. 2018 ರ ಫೆಬ್ರುವರಿಯಲ್ಲಿ ವಿಜಯಪುರ ದಾಟಿ ನಿಡಗುಂದಿಯ ಕಡೆಗೆ ಹೋಗುವಾಗ ಹಿಂದಿನ ಗಾಲಿಯ ಪಕ್ಕೆ ಹರಿಯಿತು. ಹೊತ್ತು ಮೂರೂವರೆ. ರಸ್ತೆಯಿಂದ ಗಾಡಿ ಕೆಳಗಿಳಿಸಿದೆವು. ಅಲ್ಲಿ ಎರೆ ಮಣ್ಣು. ಹಲಗೆ ಇಟ್ಟು ಜಾಕ್ ಏರಿಸಿದೆವು, ಗಾಲಿ ಬದಲಾಯಿತು. ಹೊರಡಬೇಕೆನ್ನುವಾಗ ನೂರು ಹೆಜ್ಜೆ ಹಿಂದೆ ನಿಂತಿದ್ದ ಒಂದು ಈರುಳ್ಳಿ ಲಾರಿಯ ಡ್ರೈವರ್ ಓಡಿ ಬಂದ. "ಸಾವ್ಕಾರ್ರ, ಆ ಹಲಗಿ ಸ್ವಲ್ಪ ಕೊಡ್ರಿ, ನನ್ನ ಜಾಕ್ ಮಣ್ಣಾಗ ಇಳೀಲಿಕತ್ತೈತಿ" ಎಂದ. ಅವನದು ನಮ್ಮದಕ್ಕಿಂತ ದೊಡ್ಡ ಜಾಕ್, ಅಡಿಗೆ ಕಲ್ಲು ಕೊಟ್ಟಿದ್ದ, ಕಲ್ಲು ಸಮೇತ ನೆಲ ಸೇರುತ್ತಿತ್ತು. ಹಲಗೆ ಕೊಟ್ಟೆವು. ಅವನ ಕೆಲಸ ಮುಗಿಯುವ ವರೆಗೆ ಹೆಣ್ಣುಮಕ್ಕಳು ಅಲ್ಲಿಯೇ ಬೇವಿನ ಗಿಡದ ನೆರಳಿಗೆ ಒಲೆ ಹಚ್ಚಿದರು. ನಮ್ಮ ಅತ್ತಿಗೆಯವರ ಊಟ ಹೊತ್ತು ಮುಳುಗುವ ಮೊದಲೇ ಆಯಿತು. ಡ್ರೈವರನಿಗೂ ಎರಡು ರೊಟ್ಟಿ ಹೋದವು. ಅಂದಿನಿಂದ ಹಲಗೆಯನ್ನು ನೋಡಿ ಯಾರೂ ನಗುವುದಿಲ್ಲ.

ಟ್ಯೂಬಿಲ್ಲದ ಟೈರು ಇದ್ದವರು ಪಂಕ್ಚರ್ ಹಚ್ಚುವ ಚಿಕ್ಕ ಕಿಟ್ ಇಡಬೇಕು. ತೂತು ಕೆರೆಯುವ ದಬ್ಬಣ, ಬತ್ತಿ ತುರುಕುವ ದಬ್ಬಣ, ಐದಾರು ರಬ್ಬರ್ ಬತ್ತಿ, ಮೊಳೆ ಕೀಳುವ ಪಕ್ಕಡ, ಇಷ್ಟೇ. ನೆಲಕ್ಕೆ ತಾಗುವ ಭಾಗದ ಮೊಳೆಯ ತೂತಿಗೆ ಮಾತ್ರ ಇದು ಮದ್ದು. ಪಕ್ಕೆ ಹರಿದರೆ ಬತ್ತಿ ಹಾಕಿ ಓಡಿಸುವುದು ಜೀವಕ್ಕೆ ಅಪಾಯ. 2020 ರಲ್ಲಿ ನಿಯಮ ಬದಲಾದ ಮೇಲೆ ಕೆಲವು ಸಣ್ಣ ಗಾಡಿಗಳು ಸ್ಟೆಪ್ನಿ ಇಲ್ಲದೆ, ಬರೀ ಕಿಟ್ ಕೊಟ್ಟು ಬರುತ್ತಿವೆ. ಹೊಸ ಗಾಡಿಯವರು ಹೊರಡುವ ಮೊದಲು ಡಿಕ್ಕಿ ತೆರೆದು ನೋಡುವುದು ಒಳ್ಳೆಯದು. ಬ್ಯಾಟರಿಯಿಂದ ಓಡುವ ಹವಾ ಪಂಪು ಉಪಯುಕ್ತ. ಆದರೆ ಕಾರಿನ ಪಂಪು ದೊಡ್ಡ ಗಾಡಿಯ ಟೈರು ತುಂಬುವಷ್ಟರಲ್ಲಿ ಕಾಯ್ದು ನಿಲ್ಲುತ್ತದೆ. ಬಾಗಿಲ ಚೌಕಟ್ಟಿನ ಮೇಲಿನ ಚೀಟಿಯಲ್ಲಿ ಎಷ್ಟು ಹವಾ ಎಂದು ಬರೆದಿದೆಯೋ ಅದನ್ನು ನೋಡಿ, ಅಷ್ಟು ತುಂಬಬಲ್ಲ ಪಂಪನ್ನೇ ಕೊಳ್ಳಿರಿ.

ಇನ್ನು ಪಾನಾ. ಜಪಾನಿ ಪದ್ಧತಿಯ ಗಾಡಿಗಳಲ್ಲಿ 10, 12, 14, 17 ರ ನಟ್ ಹೆಚ್ಚು. ಯುರೋಪಿನ ಪದ್ಧತಿಯವುಗಳಲ್ಲಿ 10, 13, 17, 19. ಇವೆರಡರಲ್ಲಿ ನಿಮ್ಮದು ಯಾವುದೋ ಅದರ ನಾಲ್ಕೈದು ಪಾನಾ ಸಾಕು. ಒಂದು ಕಡೆ ರಿಂಗು, ಇನ್ನೊಂದು ಕಡೆ ತೆರೆದ ಬಾಯಿ ಇರುವಂಥವು ಒಳ್ಳೆಯವು. ತೆರೆದ ಬಾಯಿ ನಟ್ಟಿನ ಎರಡು ಮುಖ ಹಿಡಿಯುತ್ತದೆ. ರಿಂಗು ಎಲ್ಲ ಆರು ಮೂಲೆ ಹಿಡಿಯುತ್ತದೆ. ಆದ್ದರಿಂದ ಬಿಗಿಯಾದ ನಟ್ಟಿಗೆ ರಿಂಗೇ ಬೇಕು. ಸ್ಕ್ರೂ ಪಾನಾ ಒಂದಿದ್ದರೆ ಎಲ್ಲಕ್ಕೂ ಆಗುತ್ತದೆಂದು ತಿಳಿಯುವುದು ಸರಿಯಲ್ಲ, ಅದು ಮೂಲೆ ಸವೆಸುತ್ತದೆ. ಜಲಂಧರದ ಪಾನಾ, ನಾಗೌರದ ಪಕ್ಕಡ, ನಾಶಿಕದ ಸಾಮಾನು ಎಲ್ಲವೂ ನಮ್ಮ ಅಂಗಡಿಯಲ್ಲಿವೆ. ಹೊಳಪು ನೋಡಿ ಅಲ್ಲ, ಕ್ರೋಮ್ ವೆನೇಡಿಯಂ ಎಂಬ ಮುದ್ರೆ ನೋಡಿ, ಬಾಯಿಯಲ್ಲಿ ನಟ್ ಹಾಕಿ ಅಲುಗಾಡಿಸಿ ಕೊಳ್ಳಿರಿ. ಇದರ ಜೊತೆಗೆ ಎರಡು ಕಡೆ ತಿರುವಿ ಹಾಕುವ ಸ್ಕ್ರೂ ಡ್ರೈವರ್, ಒಂದು ಪಕ್ಕಡ, ಕಟ್ಟುವ ತಂತಿ ಐದು ಮೀಟರ್, ಕಪ್ಪು ಟೇಪು, ಹಣೆಗೆ ಕಟ್ಟುವ ಬ್ಯಾಟರಿ ದೀಪ, ಮಲಗಲು ಒಂದು ಹಳೆಯ ಗೋಣಿ ಚೀಲ. ದೀಪವನ್ನು ಕೈಯಲ್ಲಿ ಹಿಡಿದರೆ ಕೆಲಸಕ್ಕೆ ಒಂದೇ ಕೈ ಉಳಿಯುತ್ತದೆ. ಹಣೆಯ ದೀಪಕ್ಕೆ ಅದಕ್ಕೇ ಬೆಲೆ.

ಬ್ಯಾಟರಿ ಇಳಿದಾಗ ಬೇರೆ ಗಾಡಿಯಿಂದ ಕರೆಂಟು ಪಡೆಯುವ ಕೇಬಲ್ಲಿನಲ್ಲಿ ಮೋಸ ಬಹಳ. ಮೇಲಿನ ಪ್ಲಾಸ್ಟಿಕ್ ದಪ್ಪ, ಒಳಗಿನ ತಂತಿ ತೆಳ್ಳಗೆ. ತಂತಿಯ ಒಂದು ಎಳೆಯನ್ನು ಚಾಕುವಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪದ ಅಲ್ಯುಮಿನಿಯಂ. ಡೀಸೆಲ್ ಗಾಡಿಯನ್ನು ಅದು ಎಬ್ಬಿಸಲಾರದು. ಜೋಡಿಸುವ ಕ್ರಮವನ್ನು ಒಂದು ಚೀಟಿಯಲ್ಲಿ ಬರೆದು ಕೇಬಲ್ಲಿಗೇ ಕಟ್ಟಿದ್ದೇವೆ. ಕೆಂಪು ಮೊದಲು ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಒಳ್ಳೆಯದರ ಮೈನಸ್ಸಿಗೆ, ಅದರ ಕೊನೆ ನಿಂತ ಗಾಡಿಯ ಇಂಜಿನ್ನಿನ ಬರೀ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಫ್ಯೂಜುಗಳೂ ಒಂದು ಡಬ್ಬಿಯಲ್ಲಿರಲಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪಿಯರ್. ಸುಟ್ಟ ಬಣ್ಣದ ಜಾಗಕ್ಕೆ ಅದೇ ಬಣ್ಣ. ಬೆಳ್ಳಿ ಕಾಗದ, ತಂತಿ ಸುತ್ತಿ ಹಾಕಿದವರು ಗಾಡಿಗೆ ತಾವೇ ಬೆಂಕಿ ಇಟ್ಟ ಹಾಗೆ.

ಮನೆಗಾಡಿಯಲ್ಲಿ ಮನೆಯ ದುರಸ್ತಿಯೂ ಇರುತ್ತದೆ. ನೀರಿನ ಟಾಕಿಯ ನಳ ಸೋರಿದರೆ ಸೋಸಿದ ನೀರು ರಸ್ತೆಗೆ ಹೋಗುತ್ತದೆ. ಅದಕ್ಕೆ ಬಿಳಿ ಟೆಫ್ಲಾನ್ ಟೇಪು, ಎರಡು ವಾಷರ್, ಪೈಪಿಗೆ ಬಿಗಿಯುವ ನಾಲ್ಕು ಕ್ಲಿಪ್ಪು, ಒಂದು ಪೊಟ್ಟಣ ಎಂ-ಸೀಲ್ ಸಾಕು. ಗ್ಯಾಸಿನ ವಿಷಯದಲ್ಲಿ ಮಾತ್ರ ನಾವು ಬಹಳ ಕಟ್ಟುನಿಟ್ಟು. ಗಾಡಿ ಓಡುವಾಗ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಕಟ್ಟಬೇಕು. ಅಡಿಗೆ ಗಾಡಿಯ ಹೊರಗೆ. ಈ ಗ್ಯಾಸು ಗಾಳಿಗಿಂತ ಭಾರ, ಸೋರಿದರೆ ಗಾಡಿಯ ನೆಲದ ಮೇಲೆ ಹರಡಿ ಕೂಡ್ರುತ್ತದೆ. ಸೋರಿಕೆ ನೋಡಲು ಸಾಬೂನಿನ ನೀರು, ಕಡ್ಡಿ ಗೀರುವುದಲ್ಲ. ರಬ್ಬರ್ ಪೈಪಿನ ಮೇಲೆ ಅಚ್ಚಾದ ತಾರೀಖು ನೋಡಿ, ಅವಧಿ ಮುಗಿದಿದ್ದರೆ ಊರಲ್ಲಿಯೇ ಬದಲಿಸಬೇಕು.

ಮುಟ್ಟಬಾರದ್ದು ಯಾವುದೆಂಬುದನ್ನೂ ಮೊದಲೇ ಗೊತ್ತು ಮಾಡಿಕೊಂಡಿರಬೇಕು. ಕಾಯ್ದ ರೇಡಿಯೇಟರಿನ ಮುಚ್ಚಳ, ಬ್ರೇಕು, ಹೊಸ ಡೀಸೆಲ್ ಇಂಜಿನ್ನಿನ ಇಂಧನದ ಪೈಪು, ಕರೆಂಟಿನ ಗಾಡಿಯ ಕಿತ್ತಳೆ ಬಣ್ಣದ ಕೇಬಲ್ಲು, ಇವು ನಾಲ್ಕು ನಮ್ಮ ಕೈಯವಲ್ಲ. ಚಾರ್ಮಾಡಿಯಂಥ ಘಾಟಿನಲ್ಲಿ ಇಳಿಯುವಾಗ ಬ್ರೇಕು ಕಾಯ್ದು ವಾಸನೆ ಬಂದರೆ ಅದಕ್ಕೆ ಯಾವ ಪಾನಾವೂ ಇಲ್ಲ. ಅಗಲವಾದ ಜಾಗ ನೋಡಿ ನಿಲ್ಲಿಸಿ ತಾನಾಗಿ ಆರಲು ಬಿಡಬೇಕು, ನೀರು ಸುರಿಯಬಾರದು, ಮುಂದೆ ಸಣ್ಣ ಗೇರಿನಲ್ಲಿ ಇಳಿಯಬೇಕು.

ನಮ್ಮ ಚಿರಂಜೀವಿಯ ವಾದ ಬೇರೆ. "ಅಪ್ಪಾ, ಫೋನ್ ಹಚ್ಚಿದ್ರ ಮಿಸ್ತ್ರಿ ತಾನಾಗೇ ಬರ್ತಾನ. ಈ ಕಬ್ಬಿಣ ಯಾಕ ಹೊರಬೇಕು?" ಎನ್ನುತ್ತಾನೆ. ಅವನ ಮಾತಿನಲ್ಲಿ ತಥ್ಯವಿದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033, ಎಲ್ಲೆಡೆ ತುರ್ತಿಗೆ 112, ವಿಮೆ ಕಂಪನಿಯ ಸಹಾಯದ ನಂಬರು, ಇವನ್ನು ಗಾಡಿಯ ಕನ್ನಡಿಯ ಮೂಲೆಗೆ ಬರೆದು ಅಂಟಿಸಿದ್ದೇವೆ. ಆದರೆ ಘಾಟಿನಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ. ಹಳ್ಳಿಯ ರಸ್ತೆಗೆ ಬರುವ ಮಿಸ್ತ್ರಿ ಎರಡು ತಾಸಿಗೆ ಬಂದರೂ ಪುಣ್ಯ. ಚಿರಂಜೀವಿ ಫೋನ್ ಹಿಡಿಯಲಿ, ನಾವು ಪಾನಾ ಹಿಡಿಯುತ್ತೇವೆ ಎಂದು ಮನೆಯಲ್ಲಿ ಒಪ್ಪಂದವಾಗಿದೆ.

ಒಂದು ವಿಷಯದಲ್ಲಿ ಮಾತ್ರ ತಂದೆ-ಮಕ್ಕಳಿಗೆ ಭೇದವಿಲ್ಲ. ನಮ್ಮ ಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರ ಮಗ ರಾತ್ರಿ ಹೆದ್ದಾರಿಯ ಅಂಚಿನಲ್ಲಿ ಗಾಲಿ ಬದಲಿಸುತ್ತ ಕೂತಿದ್ದಾಗ ಹಿಂದಿನಿಂದ ಬಂದ ಗಾಡಿ ತಾಗಿ ಒಂದು ಕಾಲು ಕಳೆದುಕೊಂಡ. ಅವನ ಹತ್ತಿರ ಪಾನಾ ಇತ್ತು, ಜಾಕ್ ಇತ್ತು, ಕೆಲಸವೂ ಬರುತ್ತಿತ್ತು. ಬೆನ್ನ ಹಿಂದೆ ಕೆಂಪು ತ್ರಿಕೋನ ಇರಲಿಲ್ಲ. ಅದಕ್ಕೇ ನಾವು ಚೀಲದಲ್ಲಿ ಎಲ್ಲದರ ಮೇಲೆ ಇಡುವುದು ಹೊಳೆಯುವ ತ್ರಿಕೋನ ಮತ್ತು ಎರಡು ಹೊಳೆಯುವ ಅಂಗಿ. ಗಾಡಿ ನಿಂತ ಕೂಡಲೆ ತ್ರಿಕೋನವನ್ನು ಕನಿಷ್ಠ 50 ಮೀಟರ್ ಹಿಂದೆ, ಹೆದ್ದಾರಿಯಲ್ಲಿ ಇನ್ನೂ ಹಿಂದೆ ಇಡಬೇಕು. ಮಕ್ಕಳು, ಹಿರಿಯರು ಗಾಡಿಯಿಂದ ಇಳಿದು ರಸ್ತೆಯಿಂದ ದೂರ ನಿಲ್ಲಬೇಕು. ಕತ್ತಲಾಗಿದ್ದರೆ, ಜಾಗ ಇಕ್ಕಟ್ಟಾಗಿದ್ದರೆ, ಹವಾ ಇಲ್ಲದ ಗಾಲಿಯ ಮೇಲೆಯೇ ಮೆಲ್ಲಗೆ ಉರುಳಿಸಿಕೊಂಡು ಬೆಳಕಿದ್ದಲ್ಲಿಗೆ ಹೋಗಬೇಕು. ಟೈರು ಕೆಡುತ್ತದೆ, ಕೆಡಲಿ. ವ್ಯಾಪಾರಸ್ಥರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ.

ಗಾಲಿ ಉರುಳದ ಹಾಗೆ ಒತ್ತು ಕೊಡಲು ಕಟ್ಟಿಗೆಯ ಎರಡು ತುಂಡು ಮನೆಯಿಂದಲೇ ಒಯ್ಯಿರಿ. ರಸ್ತೆಯ ಕಲ್ಲು ಇಟ್ಟವರು ಕೆಲಸ ಮುಗಿದ ಗಡಿಬಿಡಿಯಲ್ಲಿ ಕಲ್ಲನ್ನು ಅಲ್ಲಿಯೇ ಬಿಟ್ಟು ಹೋಗುವುದನ್ನು ದಿನಾಲು ನೋಡುತ್ತೇವೆ. ರಾತ್ರಿ ಅದೇ ಕಲ್ಲಿಗೆ ಮೋಟರ್ ಸೈಕಲ್ಲಿನ ಹುಡುಗ ಎಡವುತ್ತಾನೆ. ಇರುವೆಯನ್ನು ನೋಡಿ ಹೆಜ್ಜೆ ಇಡುವ ಸಮಾಜದ ಗಾಡಿಯ ಹಿಂದೆ ಅಂಥ ಕಲ್ಲು ಉಳಿಯಬಾರದು. ಹೊರಡುವ ಮೊದಲು ಒಬ್ಬರು ಸುತ್ತ ನಡೆದು, ತ್ರಿಕೋನ, ಹಲಗೆ, ಕಟ್ಟಿಗೆ, ಪಾನಾ ಎಣಿಸಿ ತೆಗೆದುಕೊಳ್ಳಬೇಕು. ಈ ಕೆಲಸ ನಮ್ಮ ಮನೆಯಲ್ಲಿ ಹನ್ನೆರಡು ವರ್ಷದ ಮೊಮ್ಮಗಳದು. ಎಣಿಕೆಯ ಚೀಟಿ ಅವಳ ಕೈಯಲ್ಲಿಯೇ ಇರುತ್ತದೆ, ಅವಳು ಹ್ಞೂಂ ಅನ್ನದೆ ಗಾಡಿ ಸುರುವಾಗುವುದಿಲ್ಲ.

ಜಾಕ್, ಹಲಗೆ, ಪೈಪು, ಪಂಪು, ಕೇಬಲ್ ಬಿಟ್ಟು ಉಳಿದ ಚೀಲವನ್ನು ನಾವು ಅಂಗಡಿಯ ತಕ್ಕಡಿಗೆ ಹಾಕಿದಾಗ ಒಂಬತ್ತು ಕಿಲೋ ತೂಗಿತು. ಅದಕ್ಕಿಂತ ಹೆಚ್ಚಾದರೆ ಯಾವುದೋ ಬೇಡದ್ದು ಸೇರಿದೆಯೆಂದು ತಿಳಿದು ಮತ್ತೆ ಸುರುವಿ ನೋಡುತ್ತೇವೆ. ಯಾತ್ರೆಗೆ ಎಂಟು ದಿನ ಮೊದಲು ಒಂದು ಸಂಜೆ, ಬೆಳಕಿರುವಾಗಲೇ, ಮನೆಯ ಅಂಗಳದಲ್ಲಿ ಒಂದು ಗಾಲಿ ಬಿಚ್ಚಿ ಮತ್ತೆ ಹಾಕಿರಿ. ಗಂಡುಮಕ್ಕಳಷ್ಟೇ ಅಲ್ಲ, ಸೊಸೆಯಂದಿರೂ ಒಂದೊಂದು ನಟ್ ತಿರುವಲಿ. ಆಗ ಯಾವ ಪಾನಾ ಸಾಲದು, ಯಾವುದು ಹೆಚ್ಚಿಗೆ ಎಂಬುದು ತಾನೇ ತಿಳಿಯುತ್ತದೆ. ಸಾಲದ್ದನ್ನು ಕೊಳ್ಳಲು ಎಂಟು ದಿನವೂ ಕೈಯಲ್ಲಿರುತ್ತದೆ. ಮುಂದಿನ ಮಹಾಮಸ್ತಕಾಭಿಷೇಕದ ಹೊತ್ತಿಗೆ ನಮ್ಮ ಕೈಯಲ್ಲಿ ಬಲ ಎಷ್ಟು ಉಳಿದಿರುತ್ತದೋ ಬಾಹುಬಲಿ ಸ್ವಾಮಿಯೇ ಬಲ್ಲ. ಪೈಪು ಮಾತ್ರ ಆಗಲೇ ಮೊಮ್ಮಗಳ ಕೈಗೆ ಹೋಗಿದೆ.